ಕೊಳದ ಮೇಲೆ ಡೀಸೆಲ್

ಮಗಳ ಮಾತು ಎತ್ತಿದರೆ ಸಾಕು, ಎದುರಿಗೆ ಗಿರಾಕಿಯ ಸ್ಕೂಟರು ಅರ್ಧ ಬಿಚ್ಚಿ ಬಿದ್ದಿದ್ದರೂ ಮೆಕ್ಯಾನಿಕ್ ಸ್ಪ್ಯಾನರ್ ಕೆಳಗಿಟ್ಟು ಮಾತಿಗೆ ನಿಲ್ಲುತ್ತಿದ್ದ. ಹೆತ್ತವರಿಗೆ ಹೆಗ್ಗಣ ಮುದ್ದು ಎಂದು ಗಿರಾಕಿಗಳು ನಗುತ್ತಿದ್ದರು. ನಗಲಿ ಬಿಡಿ. ಅವನ ಹೆಮ್ಮೆ ಬಿಟ್ಟಿ ಬಂದದ್ದಾಗಿರಲಿಲ್ಲ.

ಎರಡು ವರ್ಷದ ಹಿಂದೆ ಆ ಹುಡುಗಿಗೆ ಮನೆಯಲ್ಲಿ ಮೂಲೆರಾಣಿ ಎಂದು ಹೆಸರು. ಫೋನು ಹಿಡಿದು ರೂಮಿನ ಮೂಲೆ ಸೇರಿದಳೆಂದರೆ ಊಟಕ್ಕೆ ಕರೆಯಲೂ ಅವಳಮ್ಮ ಮೆಸೇಜು ಹಾಕಬೇಕಿತ್ತು. ಹೊರಗೆ ಮಳೆ ಬರುತ್ತಿದೆಯೋ ಬಿಸಿಲಿದೆಯೋ ಎಂಬುದನ್ನೂ ಕಿಟಕಿ ತೆರೆದು ನೋಡದೆ ಫೋನಿನಲ್ಲೇ ನೋಡುತ್ತಿದ್ದಳು. ಒಂದು ಭಾನುವಾರ ಮೆಕ್ಯಾನಿಕ್‌ಗೆ ತಲೆಕೆಟ್ಟು ವೈಫೈ ತಂತಿ ಕಿತ್ತು ಜೇಬಿಗೆ ಹಾಕಿಕೊಂಡ. ವಿಜ್ಞಾನದ ಟೀಚರ್ ಒಬ್ಬರು ಮಕ್ಕಳನ್ನು ಕಟ್ಟಿಕೊಂಡು ಪ್ರತಿ ಭಾನುವಾರ ಗ್ಯಾರೇಜಿನ ಮಗ್ಗುಲಿನ ಕೊಳದ ಸುತ್ತ ಕಸ, ಕಳೆ ತೆಗೆಸುತ್ತಾ ಓಡಾಡುತ್ತಿದ್ದರು. ಮಗಳನ್ನು ಅವರ ಜೊತೆಗೆ ಅಟ್ಟಿದ. ಅಳುತ್ತಾ ಹೋದವಳು ಕೆಸರು ಮೆತ್ತಿದ ಬೂಟು, ಪರಚಿದ ಮೊಣಕೈ ಹೊತ್ತು ಬಂದಳು, ವಾರವಿಡೀ ಅಪ್ಪನ ಜೊತೆ ಮಾತು ಬಿಟ್ಟಳು. ಮುಂದಿನ ಭಾನುವಾರ ಅವನು ಎದ್ದು ನೋಡಿದರೆ ಬಾಗಿಲಲ್ಲಿ ಅವಳ ಬೂಟೇ ಇರಲಿಲ್ಲ. ಯಾರೂ ಅಟ್ಟದೆ ತಾನೇ ಹೋಗಿದ್ದಳು.

ಆಮೇಲೆ ಟೀಚರ್‌ಗೆ ಮಂಡಿಯ ಆಪರೇಷನ್ ಆಯಿತು. ಮಕ್ಕಳನ್ನು ನೋಡಿಕೊಳ್ಳುವ ಕೆಲಸವನ್ನು ಅವರು ಈ ಮೂಲೆರಾಣಿಗೇ ಒಪ್ಪಿಸಿದರು. ಈಗ ಅವಳ ಬೆನ್ನಿಗೆ ಇಪ್ಪತ್ತಕ್ಕೂ ಹೆಚ್ಚು ಮಕ್ಕಳು. ಊರಿನ ಯಾವ ಚರಂಡಿ ಎಲ್ಲಿಗೆ ಹೋಗಿ ಸೇರುತ್ತದೆಂದು ತಿಳಿಯಲು ಅವಳೊಂದು ಉಪಾಯ ಹೂಡಿದ್ದಳು: ಒಬ್ಬರು ಚರಂಡಿಗೆ ಕಿತ್ತಳೆ ಸಿಪ್ಪೆ ಹಾಕುವುದು, ಇನ್ನೊಬ್ಬರು ಕೊಳದ ಬಾಯಲ್ಲಿ ಕಾಯುವುದು. ನಮ್ಮನೇಲಿ ಹಣ್ಣು ತರೋದೇ ಚರಂಡಿಗೆ ಎಂದು ಅವಳಮ್ಮ ಪಕ್ಕದ ಮನೆಯವರ ಮುಂದೆ ಗೊಣಗುತ್ತಿದ್ದಳು, ಮುಖ ಮಾತ್ರ ಅರಳಿರುತ್ತಿತ್ತು. ಗ್ಯಾರೇಜಿನ ಮುಂದೆ ಹಾಕಿದ ಸಿಪ್ಪೆಯೂ ಒಂದು ದಿನ ಕೊಳ ಸೇರಿತು. ಆಗ ಚಪ್ಪಾಳೆ ತಟ್ಟಿದವರಲ್ಲಿ ಮೆಕ್ಯಾನಿಕ್‌ನೇ ಮೊದಲಿಗ.

ಅಷ್ಟರಲ್ಲಿ ಕೊಳಕ್ಕೆ ಗಂಡಾಂತರ ಬಂತು. ಅರ್ಧ ಕೊಳ ಮುಚ್ಚಿ ವಾಹನ ನಿಲ್ಲಿಸುವ ಜಾಗ ಮಾಡಬೇಕೆಂದು ನಗರಸಭೆಯಲ್ಲಿ ಮಾತು ನಡೆದಿತ್ತು. ಗ್ಯಾರೇಜಿನ ಮಗ್ಗುಲಲ್ಲೇ ಅಷ್ಟೊಂದು ಗಾಡಿ ನಿಂತರೆ ನಿನ್ನ ಅದೃಷ್ಟ ಖುಲಾಯಿಸಿತು ಬಿಡು ಎಂದು ಅಕ್ಕಪಕ್ಕದ ಅಂಗಡಿಯವರು ಮೆಕ್ಯಾನಿಕ್‌ನ ಬೆನ್ನು ತಟ್ಟಿದರು. ಅವನಿಗೆ ಅದು ಬೇಕಿರಲಿಲ್ಲ. ಮಗಳು ನಗರಸಭೆಗೆ ಅಲೆದಲೆದು, ಕೊಳವನ್ನು ನಾವು ಮಕ್ಕಳೇ ಕಾಪಾಡುತ್ತೇವೆ, ಒಮ್ಮೆ ಬಂದು ನೋಡಿ ಎಂದು ಕೇಳಿಕೊಂಡಿದ್ದಳು. ಎಂಜಿನಿಯರ್ ಮೇಡಂ ಭಾನುವಾರ ಬೆಳಿಗ್ಗೆ ಬರುವುದೆಂದು ಗೊತ್ತಾಯಿತು. ಅವರಿಗೆ ನಂಬಿಕೆ ಬಂದರೆ ಕೊಳ ಉಳಿಯುತ್ತಿತ್ತು. ಇಲ್ಲದಿದ್ದರೆ ಸೋಮವಾರವೇ ಮಣ್ಣು ತುಂಬಿದ ಲಾರಿ ಬರುತ್ತಿತ್ತು.

ಶನಿವಾರ ಸಂಜೆ ಮಕ್ಕಳು ತಮ್ಮ ಗುದ್ದಲಿ, ಸಲಿಕೆ, ಕುಡುಗೋಲುಗಳನ್ನು ಗ್ಯಾರೇಜಿನ ಮೂಲೆಯಲ್ಲಿ ಒರಗಿಸಿಟ್ಟು ಹೋದರು. ಎಲ್ಲವೂ ತುಕ್ಕು ಹಿಡಿದು ಕೆಂಪಾಗಿದ್ದವು. ತುಕ್ಕು ಕಂಡರೆ ಮೆಕ್ಯಾನಿಕ್‌ನ ಕೈ ಸುಮ್ಮನಿರುವುದುಂಟೆ? ನಾಳೆ ಮೇಡಂ ಎದುರು ಮಗಳ ಸೈನ್ಯ ಇವನ್ನು ಹಿಡಿದು ನಿಂತರೆ ಫಳಫಳ ಹೊಳೆಯಬೇಕು ಎಂದು ಅಗಲದ ಟ್ರೇಗೆ ಡೀಸೆಲ್ ಸುರಿದು ಒಂದೊಂದನ್ನೇ ನೆನೆಸಿ, ತಂತಿ ಬ್ರಷ್ಷಿನಲ್ಲಿ ಉಜ್ಜಿ, ಹಳೆ ಬನಿಯನ್ ಬಟ್ಟೆಯಲ್ಲಿ ಒರೆಸಿದ. ಸಲಿಕೆಯಲ್ಲಿ ಮುಖ ನೋಡಿಕೊಳ್ಳಬಹುದಿತ್ತು. ಗಾಡಿಗಳ ಸುಟ್ಟ ಎಂಜಿನ್ ಆಯಿಲನ್ನು ಅವನು ಎಂದೂ ಚೆಲ್ಲಿದವನಲ್ಲ, ಪೀಪಾಯಿಗೆ ತುಂಬಿಸಿ ಮಾರುತ್ತಿದ್ದ. ಆದರೆ ಟ್ರೇಯಲ್ಲಿ ಸಾಮಾನು ತೊಳೆದ ಡೀಸೆಲ್ಲು ಮಾತ್ರ, ಅವನಿಗೆ ಕೆಲಸ ಕಲಿಸಿದ ಗುರುವಿನ ಕಾಲದಿಂದಲೂ, ಹೊಸ್ತಿಲಾಚೆಯ ಚರಂಡಿಗೆ ಹೋಗುತ್ತಿತ್ತು. ಎಂದಿನ ಒಂದು ಗುಟುಕು ಡೀಸೆಲ್ಲು ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಇವತ್ತು ಟ್ರೇಗಟ್ಟಲೆ ಹೋಯಿತು, ಹಿಂದಿನಿಂದ ಬಕೆಟ್ಟುಗಟ್ಟಲೆ ನೀರೂ ಹೋಯಿತು. ಕೈ ತನ್ನ ಪಾಡಿಗೆ ತಾನು ಕೆಲಸ ಮಾಡಿತು, ತಲೆಯನ್ನು ಕೇಳಲೇ ಇಲ್ಲ.

ಭಾನುವಾರ ಇಸ್ತ್ರಿ ಶರ್ಟು ಹಾಕಿಕೊಂಡು ಕೊಳದ ಹತ್ತಿರ ಹೋದವನಿಗೆ ಮೊದಲು ಮೂಗಿಗೆ ತಿಳಿಯಿತು, ಆಮೇಲೆ ಕಣ್ಣಿಗೆ. ಚರಂಡಿಯ ಬಾಯಿಂದ ಅರ್ಧ ಕೊಳದವರೆಗೆ ನೀರಿನ ಮೇಲೆ ಬಣ್ಣಬಣ್ಣದ ಪೊರೆ ಹರಡಿತ್ತು. ನೀರುಕೋಳಿಯೊಂದು ದಡದಲ್ಲಿ ನಿಂತು ರೆಕ್ಕೆ ಕೊಡವುತ್ತಲೇ ಇತ್ತು. ನಿನ್ನೆಯ ಟ್ರೇ ನೆನಪಾಯಿತು. ಎಂಜಿನಿಯರ್ ಮೇಡಂ ಆಗಲೇ ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದರು. ಹೊಳೆಯುವ ಸಲಿಕೆಗಳನ್ನು ಹಿಡಿದ ಮಕ್ಕಳ ಮುಖಗಳು ಮಾತ್ರ ಬಾಡಿದ್ದವು.

ಇದು ಪ್ರೆಸ್ಸಿನವರದೇ ಕೆಲಸ ಎಂದು ಮಕ್ಕಳಲ್ಲೊಬ್ಬರು ಶುರು ಮಾಡಿದರು, ಉಳಿದವರು ಹೌದು ಹೌದು ಎಂದರು. ಅದೇ ಬೀದಿಯ ಪ್ರಿಂಟಿಂಗ್ ಪ್ರೆಸ್ಸಿನ ಮಾಲೀಕನಿಗೂ ಇವರಿಗೂ ಹಿಂದೆ ಶಾಯಿ ತೊಳೆದ ನೀರಿನ ವಿಷಯಕ್ಕೆ ಜಗಳವಾಗಿತ್ತು. ಬೆಳಗಿನ ವಾಕಿಂಗ್‌ಗೆ ಬಂದಿದ್ದ ಆ ಮನುಷ್ಯ ಕೆಂಪಾಗಿ, ನನ್ನದಲ್ಲ ಎಂದು ತೊದಲಿದ. ಯಾರೂ ನಂಬಲಿಲ್ಲ.

ಮಗಳು ಬಗ್ಗಿ ನೀರಿನಲ್ಲಿ ಬೆರಳದ್ದಿ ಮೂಸಿದಳು. ಅಪ್ಪನ ಬಟ್ಟೆಯಿಂದ ದಿನವೂ ಮನೆಗೆ ಬರುತ್ತಿದ್ದ ವಾಸನೆ ಅದು, ಹುಟ್ಟಿದಾಗಿನಿಂದ ಬಲ್ಲಳು. ತಲೆಯೆತ್ತಿ ಹೊಳೆಯುವ ಸಲಿಕೆಗಳನ್ನು ನೋಡಿದಳು, ಆಮೇಲೆ ಅಪ್ಪನನ್ನು ನೋಡಿದಳು. ಅವಳಿಗೆ ಗೊತ್ತಾಯಿತೆಂದು ಅವನಿಗೂ ಗೊತ್ತಾಯಿತು. ನಾನೇ ಎಂದುಬಿಡೋಣವೆಂದು ಬಾಯಿ ತೆರೆದ. ಮೇಡಂ ಮುಖ ಕಂಡು ಮತ್ತೆ ಮುಚ್ಚಿದ. ನಿಜ ಹೇಳಬೇಕೆಂದರೆ, ಒಂದು ಗಳಿಗೆ ಅವಳು ಸುಮ್ಮನಿದ್ದುಬಿಡಲಿ ಎಂದೂ ಆಸೆಪಟ್ಟ. ಪ್ರೆಸ್ಸಿನವನ ತಲೆಗೆ ಬಂದರೆ ಬರಲಿ, ಅವಳ ಕೊಳ ಉಳಿಯಲಿ.

"ಪ್ರೆಸ್ಸಿಂದಲ್ಲ," ಎಂದಳು ಮಗಳು. "ಇದು ಡೀಸೆಲ್. ನಮ್ಮ ಗ್ಯಾರೇಜಿಂದ ಬಂದಿರೋದು. ನಮ್ಮ ಸಾಮಾನು ತೊಳೆಯೋಕೆ ಹೋಗಿ ನಮ್ಮಪ್ಪನೇ ಸುರಿದಿದಾರೆ."

ಮನೆ ದೀಪ ಎಂದು ಮುದ್ದಿಟ್ಟರೆ ಗಡ್ಡ ಸುಡದೆ ಬಿಡುತ್ತದೆಯೆ? ಮೆಕ್ಯಾನಿಕ್‌ಗೆ ಮೊದಲು ಬಂದದ್ದು ಸಿಟ್ಟು. ಊರವರ ಮುಂದೆ ಹೆತ್ತಪ್ಪನ ಮಾನ ಕಳೆದಳಲ್ಲ ಎಂದು ಕಿವಿ ಬಿಸಿಯಾಯಿತು. ಆದರೆ ಅವಳತ್ತ ಇನ್ನೊಮ್ಮೆ ನೋಡಿದ. ಸಲೀಸಾಗಿ ಆಡಿದ ಮಾತಲ್ಲ ಅದು. ರೂಮಿನ ಬಾಗಿಲಲ್ಲಿ ನೆಂಟರು ನಿಂತರೆ ಮಾತಾಡಲು ಹೆದರುತ್ತಿದ್ದ ಹುಡುಗಿ, ಇಷ್ಟು ಜನರ ಮುಂದೆ ಒಬ್ಬ ನಿರಪರಾಧಿಯ ಮೇಲಿನ ದೂರು ತೆಗೆದು ತನ್ನ ಮನೆಯ ಮೇಲೆ ಹಾಕಿಕೊಂಡಿದ್ದಳು. ಅವನ ಸಿಟ್ಟು ಅಲ್ಲೇ ಇಳಿಯಿತು.

ಕೊಳ ಕೆಡಿಸಿದವರಿಗೆ ನೀವೇನು ಶಿಕ್ಷೆ ಕೊಡುತ್ತೀರಿ ಎಂದು ಮೇಡಂ ಕೇಳಿದರು. ಮುಂದಿನ ಹಲ್ಲು ಬಿದ್ದ ಚಿಕ್ಕ ಹುಡುಗಿಯೊಬ್ಬಳು ಜೋರಾಗಿ ಉತ್ತರಿಸಿದಳು: "ಬಯ್ಯಲ್ಲ. ಕೈಗೆ ಬಲೆ ಕೊಡ್ತೀವಿ. ಅವರೇ ತೆಗೀಬೇಕು."

ಈಗ ಎಲ್ಲರ ಕಣ್ಣೂ ಮೂಲೆರಾಣಿಯ ಮೇಲೆ. ಅವಳು ಉದ್ದ ಕೋಲಿನ ಬಲೆಯೊಂದನ್ನು ಎತ್ತಿಕೊಂಡು ನೇರ ಅಪ್ಪನ ಹತ್ತಿರ ಬಂದಳು.

"ಅಪ್ಪ, ನೆಲದ ಮೇಲೆ ಆಯಿಲ್ ಚೆಲ್ಲಿದ್ರೆ ಹಾಕ್ತೀಯಲ್ಲ, ಆ ಮರದ ಹೊಟ್ಟು, ಮೂಟೆ ಪೂರ್ತಿ ತಗೊಂಡ್ಬಾ. ಆಮೇಲೆ ಇದನ್ನ ಹಿಡ್ಕೊ," ಎಂದಳು. ದನಿ ತಗ್ಗಿಸಿ ಕೇಳಿದಳು, "ಬೇಜಾರಾಯ್ತಾ?"

"ಆಯ್ತು," ಎಂದ ಅವನು. "ನೀನು ಸುಮ್ನಿದ್ದಿದ್ರೆ ಇನ್ನೂ ಬೇಜಾರಾಗ್ತಿತ್ತು."

ಓಡಿದ. ಎಷ್ಟೋ ವರ್ಷದಿಂದ ಓಡದ ಮನುಷ್ಯ ಮೂಟೆ ಹೊತ್ತು ಏದುಸಿರು ಬಿಡುತ್ತಾ ಬಂದ. ಚರಂಡಿಯ ಬಾಯಿಗೆ ಹೊಟ್ಟು ತುಂಬಿದ ಚೀಲಗಳನ್ನು ಸಾಲಾಗಿ ಕಟ್ಟಲು ಮಗಳು ಹೇಳಿದಳು, ಪೊರೆಯ ಮೇಲೆ ಹೊಟ್ಟು ಉದುರಿಸಿ ಅದು ಎಣ್ಣೆ ಕುಡಿದ ಮೇಲೆ ಬಲೆಯಲ್ಲಿ ಎತ್ತಲು ಹೇಳಿದಳು. ಮೆಕ್ಯಾನಿಕ್ ಇಸ್ತ್ರಿ ಪ್ಯಾಂಟಿನಲ್ಲೇ ಮೊಣಕಾಲುದ್ದ ನೀರಿಗಿಳಿದ. ಪ್ರೆಸ್ಸಿನವನು ಸ್ವಲ್ಪ ಹೊತ್ತು ನಿಂತು ನೋಡಿ, ಚಪ್ಪಲಿ ಬಿಟ್ಟು ತಾನೂ ಇಳಿದು ಚೀಲದ ಇನ್ನೊಂದು ತುದಿ ಹಿಡಿದ. ಮಧ್ಯೆ ಮಧ್ಯೆ ಮಗಳು ಅಪ್ಪನನ್ನು ತಿದ್ದುತ್ತಿದ್ದಳು, ನಿಧಾನ, ನೀರು ಕಲಕಬೇಡ ಎಂದು. ಅವನು ಆಯ್ತು ಎನ್ನುತ್ತಿದ್ದ. ಮನೆಯಲ್ಲಿ ಇಷ್ಟು ಬೇಗ ಆಯ್ತು ಎಂದಿದ್ದರೆ ಅವನ ಹೆಂಡತಿ ಡಾಕ್ಟರನ್ನು ಕರೆಸುತ್ತಿದ್ದಳು.

ಮೇಡಂ ಹೊರಟು ಹೋಗಲಿಲ್ಲ. ದಡದ ಕಲ್ಲಿನ ಮೇಲೆ ಕೂತು ಪೊರೆ ತೆಳುವಾಗುವವರೆಗೂ ನೋಡಿದರು. ಹೊರಡುವಾಗ ಮಗಳನ್ನು ಕರೆದು, ಗಾಡಿಗಳಿಗೆ ಬೇರೆ ಜಾಗ ಹುಡುಕೋಣ, ಈ ಕೊಳ ನಿಮ್ಮ ಕೈಯಲ್ಲೇ ಇರಲಿ ಎಂದರು. ಮಕ್ಕಳು ಕುಣಿದು ದಡವೆಲ್ಲ ಕೆಸರೆಬ್ಬಿಸಿದರು. ಮಗಳು ಮಾತ್ರ ಇನ್ನೂ ಪೊದೆಯಂಚಿನಲ್ಲಿ ಉಳಿದಿದ್ದ ಎಣ್ಣೆ ನೋಡುತ್ತಾ ನಿಂತಿದ್ದಳು.

ಹೊತ್ತೇರಿದ ಮೇಲೆ ಗಿರಾಕಿಯೊಬ್ಬ ಸ್ಕೂಟರು ತಳ್ಳಿಕೊಂಡು ಬಂದ. ಗ್ಯಾರೇಜಿನಲ್ಲಿ ಯಾರೂ ಕಾಣದೆ ಇಲ್ಲಿಯವರೆಗೆ ಹುಡುಕಿಕೊಂಡು ಬಂದವನು, ಒದ್ದೆಯಾಗಿ ಮೈತುಂಬ ಹೊಟ್ಟು ಅಂಟಿಸಿಕೊಂಡ ಮೆಕ್ಯಾನಿಕ್‌ನನ್ನು ನೋಡಿ ಬೆರಗಾಗಿ, ಕೊಳಕ್ಕೇನಾಯಿತು, ಯಾರು ಮಾಡಿದ್ದು ಎಂದು ಕೇಳಿದ.

ಮೆಕ್ಯಾನಿಕ್ ಬಲೆ ಊರಿಕೊಂಡು ಬೆನ್ನು ನೆಟ್ಟಗೆ ಮಾಡಿದ.

"ಕೆಡಿಸಿದ್ದು ನಾನು," ಎಂದ, ಬೀದಿಗೆಲ್ಲ ಕೇಳುವಂತೆ. "ಹಿಡಿದುಕೊಟ್ಟಿದ್ದು ನನ್ನ ಮಗಳು."