ಅಯ್ಯನವರ ಮೂವತ್ತು ಇಂಚಿನ ಖುರ್ಚಿ

ನಿಲಂಗಾದ ಬಡಿಗ ನೀಲಕಂಠನಿಗೆ ಎರಡು ವಿಷಯದಲ್ಲಿ ಭಾರಿ ಬಿಗುಮಾನ. ಒಂದು, ಕೂರುವವನ ಮೊಣಕಾಲಿನಿಂದ ಹಿಮ್ಮಡಿವರೆಗೆ ದಾರ ಹಿಡಿದು ಅಳೆಯದೆ ಖುರ್ಚಿಯ ಕಾಲು ಕೊಯ್ಯುತ್ತಿರಲಿಲ್ಲ. ಇನ್ನೊಂದು, ಮಾಡಿದ ಪ್ರತಿ ಸಾಮಾನಿನ ಅಡಿಗೆ ಉಳಿಯಿಂದ ಮೂರೆಲೆಯ ಬಿಲ್ವಪತ್ರಿ ಕೆತ್ತುತ್ತಿದ್ದ. ಉಮರ್ಗಾದಿಂದ ಉದಗೀರದವರೆಗೆ ಯಾರ ಮನೆಗೆ ಹೋದರೂ ಚಹಾ ಬರುವುದರೊಳಗೆ ಅಲ್ಲಿಯ ಖುರ್ಚಿಗಳನ್ನು ಬೋರಲು ಹಾಕಿ ಪತ್ರಿ ಇದೆಯೋ ಇಲ್ಲವೋ ನೋಡುವುದು ಅವನ ಚಟ. ಹೆಂಡತಿ ಬಂಡಮ್ಮ ಅವನ ಜೊತೆ ನೆಂಟರ ಮನೆಗೆ ಹೋಗುವುದನ್ನೇ ಬಿಟ್ಟಿದ್ದಳು.

ಇಂಥವನ ಬಳಿ ವಲಾಂಡಿಯ ಈಶ್ವರಯ್ಯನವರು ಬಂದರು. ಮನೆಮನೆಗೆ ಪೂಜೆಗೆ ಹೋಗುವ ಅಯ್ಯನವರು. ಆಳು ಗಿಡ್ಡ, ಸಿಟ್ಟು ಎತ್ತರ. ಅದೇ ಊರಲ್ಲಿ ಅದೇ ಕೆಲಸ ಮಾಡುವ ಅವರ ಚಿಕ್ಕಪ್ಪನ ಮಗ ನಂದಕುಮಾರಯ್ಯ, ಪಾದಪೂಜೆಗೆ ಕೂರಲು ಹೊಸ ಖುರ್ಚಿ ಮಾಡಿಸಿಕೊಂಡಿದ್ದ. ಅಂದಿನಿಂದ ಇವರಿಗೆ ಅನ್ನ ರುಚಿಸುತ್ತಿರಲಿಲ್ಲ.

“ಅವನ ಖುರ್ಚಿ ಹದಿನೆಂಟು ಇಂಚ್ ಅದ. ನಾ ಇಪ್ಪತ್ತು ಮಾಡಸ್ದ್ರ ಅಂವಾ ಇಪ್ಪತ್ತೆರಡು ಮಾಡಸ್ತಾನ. ಒಮ್ಮಿಗೇ ಮೂವತ್ತು ಮಾಡು. ಮತ್ತ ಆ ಮಾತೇ ಬ್ಯಾಡ.”

ನೀಲಕಂಠ ದಾರ ಹಿಡಿದ. ಹದಿನೈದು ಇಂಚಿಗೆ ಹಿಮ್ಮಡಿ ಬಂತು.

“ಅಯ್ಯನೋರ, ಕಾಲು ನೆಲಕ ಮುಟ್ಟಂಗಿಲ್ರೀ. ತೂಗಾಡ್ತಾವ.”

“ಪೂಜಿ ಮಾಡಸ್ಕೊಳ್ಳೋ ಕಾಲಿಗಿ ನೆಲ ಯಾಕ ಬೇಕೋ? ಆಗಂಗಿಲ್ಲಂದ್ರ ಹೇಳು, ಉದಗೀರದಾಗ ಪ್ಲೈವುಡ್ ಅಂಗಡಿ ಬೇಕಾದಷ್ಟು ಅವ.”

ಪ್ಲೈವುಡ್ಡಿನ ಹೆಸರು ಕೇಳಿದರೆ ನೀಲಕಂಠನ ಮೈ ಉರಿಯುತ್ತಿತ್ತು. ಒಪ್ಪಿಕೊಂಡ. ಸಾಗವಾನಿ ತಂದು, ಒಂದೂ ಮೊಳೆ ಹೊಡೆಯದೆ ಕೂಡು ಕೂಡಿಸಿ, ಬೆನ್ನಿಗೆ ಹದವಾದ ಓರೆ ಕೊಟ್ಟು, ಅಂಗೈ ಆಡಿಸಿದರೆ ಜಾರುವಷ್ಟು ನುಣುಪು ಮಾಡಿದ. ಕೊನೆಗೆ ಬೋರಲು ಹಾಕಿ ಉಳಿ ಹಿಡಿದ, ಕೈ ಏಳಲಿಲ್ಲ. ಕೂತವನ ಕಾಲು ನೆಲಕ್ಕೆ ಮುಟ್ಟದ ಖುರ್ಚಿಗೆ ತನ್ನ ಪತ್ರಿ ಹಾಕುವುದೇ? ಹಾಗೆಯೇ ಕಳಿಸಿಬಿಟ್ಟ.

ಮೊದಲ ಪೂಜೆ ಕುರಿ ಸಾಕುವ ಮಾಳವ್ವನ ಮನೆಯಲ್ಲಿ. ಆ ಮನೆಯ ಬೀರಪ್ಪ ದೇವರ ಮಂಟಪ ಮಾಡಿಕೊಟ್ಟಿದ್ದ ನೀಲಕಂಠನಿಗೂ ಕರೆ ಬಂದಿತ್ತು. ಅವನು ಬಾಗಿಲ ಪಕ್ಕದಲ್ಲೇ ಕೂತ, ಎದ್ದು ಓಡಲು ಅನುಕೂಲವಾಗಲೆಂದು.

ಅಯ್ಯನವರು ಜೋಳದ ಚೀಲದ ಮೇಲೆ ಕಾಲಿಟ್ಟು ಖುರ್ಚಿ ಹತ್ತಿದರು. ಪಾದ ತೊಳೆಯುವ ಹಿತ್ತಾಳೆಯ ಅಗಲ ಪರಾತ ನೆಲದ ಮೇಲೆ, ಪಾದಗಳು ಅದಕ್ಕಿಂತ ಗೇಣುಗಟ್ಟಲೆ ಮೇಲೆ. ಸೊಸೆ ಸುವರ್ಣಾ ತಂಬಿಗೆ ಹಿಡಿದು, ನೀರು ಹಾಕಬೇಕೋ ಎರಚಬೇಕೋ ತಿಳಿಯದೆ ನಿಂತಳು. ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡರು. ಯಾರು ಮಾಡಿದ್ದೆಂದು ಎಲ್ಲಿ ಕೇಳಿಬಿಡುತ್ತಾರೋ ಎಂದು ನೀಲಕಂಠ ಒಂದು ಕಾಲು ಹೊಸ್ತಿಲಾಚೆ ಇಟ್ಟ.

ಆಗ ಮಾಳವ್ವ ಮಾತಾಡಿದಳು. ಮೊಣಕಾಲು ಹಿಡಿದು ನಾಲ್ಕು ವರ್ಷ ಆಗಿತ್ತು. ನೆಲಕ್ಕೆ ಕೂತರೆ ಏಳುವಂತಿಲ್ಲ. ಅಂದಿನಿಂದ ಪಾದಪೂಜೆ ಸೊಸೆಯದು, ಅತ್ತೆ ದೂರದಿಂದ ಕೈಮುಗಿಯುವುದು.

“ಸುವರ್ಣಾ, ನನ್ನ ಹೊರಸು ಇತ್ತ ಎಳಿ. ಪರಾತ ಬುಟ್ಟಿ ಮ್ಯಾಲ ಇಡು.”

ಹಗ್ಗದ ಮಂಚದ ಆ ಹೊರಸಿನ ಮೇಲೆ ಕೂತಳು. ಪಾದಗಳು ಸರಿಯಾಗಿ ಅವಳ ಮಡಿಲ ಮುಂದಕ್ಕೇ ಬಂದವು. ಬಗ್ಗದೆ, ನರಳದೆ, ತನ್ನ ಕೈಯಿಂದಲೇ ತೊಳೆದು, ವಿಭೂತಿ ಹಚ್ಚಿ, ಅಳುತ್ತ ಹಣೆ ಹಚ್ಚಿದಳು. “ನಾಕ್ ವರ್ಷದ ಮ್ಯಾಲ ನನ್ನ ಕೈಲೇ ಆತು. ಈ ಖುರ್ಚಿ ಮಾಡ್ದವನ ಕೈಗಿ ಶರಣು.”

ನೀಲಕಂಠ ಎದ್ದು ನಿಂತ. ಅವನು ಬಾಯಿ ತೆರೆಯುವುದರೊಳಗೆ ಮೇಲಿನಿಂದ ಅಯ್ಯನವರೇ ಅಂದರು: “ಮೂವತ್ತು ಇಂಚಿನ ಮಾಪ ನಾನೇ ಕೊಟ್ಟೀನವ್ವಾ. ಮುದುಕರ ಮೊಣಕಾಲ ನೋವು ನನಗ ಗೊತ್ತಿಲ್ಲೇನು?”

ಪೂಜೆ ಮುಗಿದ ಮೇಲೆ ನೀಲಕಂಠ ಮೆಲ್ಲಗೆ, ಮಾಡಿದ್ದು ತಾನೆಂದ. ಮಾಳವ್ವನ ಮಗ ಗುರಣ್ಣ ಖುರ್ಚಿ ಬೋರಲು ಹಾಕಿ ನೋಡಿ ನಕ್ಕ. “ಪತ್ರಿ ಎಲ್ಲದ ಮಾವಾ? ಮಂದಿ ಕೆಲಸಕ್ಕ ಯಾಕ ಆಸಿ ಪಡ್ತಿ? ಇದು ಉದಗೀರದ್ದು.” ಊರಿಗೆಲ್ಲ ಪತ್ರಿ ನೋಡುವುದನ್ನು ಕಲಿಸಿದವನೇ ಅವನು. ನಿಲಂಗಾದ ಬಸ್ಸು ಹತ್ತಿದ.

ಎರಡು ತಿಂಗಳಲ್ಲಿ ವಲಾಂಡಿಯ ಮೊಣಕಾಲು ನೋವಿನ ಮುದುಕಿಯರೆಲ್ಲ ಈಶ್ವರಯ್ಯನವರನ್ನೇ ಕರೆಯತೊಡಗಿದರು. ನಂದಕುಮಾರಯ್ಯನ ಖುರ್ಚಿಗೆ ಧೂಳು ಹಿಡಿಯಿತು. ಅಯ್ಯನವರು ಹಿಗ್ಗಿ ಹೀರೇಕಾಯಿಯಾದರು. ಆಮೇಲೆ ಒಂದು ದಿನ ಗುರಣ್ಣನ ಫೋನು ಬಂತು. “ಅಯ್ಯನೋರ, ನಾಳಿಗಿ ಅವ್ವ ಖುರ್ಚಿ ಕಳಸಂದಾಳ್ರೀ. ನಿಮಗ ಪುರಸತ್ತಿಲ್ಲಂದ್ರ ನಡೀತದ, ನಂದಕುಮಾರಯ್ಯನೋರು ಬಂದು ಕೂಡ್ತಾರಂತ.”

ಆ ಸಂಜೆಯೇ ಖುರ್ಚಿ ಟೆಂಪೋದಲ್ಲಿ ನಿಲಂಗಾಕ್ಕೆ ಬಂತು, ಜೊತೆಗೆ ಅಯ್ಯನವರು. ಮುಖ ಕೆಂಡದ ಹಾಗಾಗಿತ್ತು.

“ಕಾಲು ಕೊಯ್ದು ಹದಿನೈದಕ್ಕ ತಾ. ನೀ ಅಂದಿದ್ದೇ ಖರೆ. ಮನಷ್ಯಾಗ ತಕ್ಕಂಗ ಖುರ್ಚಿ ಇರಬೇಕು.”

ನೀಲಕಂಠ ಗೋಣಿ ಹಾಸಿ ಖುರ್ಚಿಯನ್ನು ಬೋರಲು ಮಲಗಿಸಿದ. ಅಯ್ಯನವರು ಗರಗಸದ ದಾರಿ ಕಾಯುತ್ತಿದ್ದರು. ಅವನು ಸಣ್ಣ ಉಳಿ ತೆಗೆದುಕೊಂಡು, ಒಂದು, ಎರಡು, ಮೂರು ಎಲೆ ಕೆತ್ತಿ, ಹೊಟ್ಟು ಊದಿದ.

“ಮಾಳವ್ವಗ ಮಾಪ ಬರೋಬ್ಬರಿ ಅದರೀ ಅಯ್ಯನೋರ. ಪತ್ರಿ ಹಾಕೂದೊಂದೇ ಉಳದಿತ್ತು.”