ಜೋಲಿ ಕಟ್ಟಿದ ಕೊಂಬೆ

ಮೈಕು ಕುಂಯ್ ಅಂತು, ಅರಣ್ಯ ಇಲಾಖೆಯ ಸಾಹೇಬರು ಅದನ್ನು ತಟ್ಟಿ ಮತ್ತೆ ಶುರು ಮಾಡಿದರು, ಕಾಡು ಹೋದರೆ ಮಳೆ ಹೋಗುತ್ತೆ, ಭೂಮಿ ಕಾದು ಕೆಂಡವಾಗುತ್ತೆ, ಜಗಳೂರು ಸೀಮೆಯೆಲ್ಲ ಮರಳುಗಾಡಾಗುತ್ತೆ — ಅಯ್ಯೋ ಶಿವನೇ, ಮತ್ತದೇ ಮಾತು, ಇವರಾದ ಮೇಲೆ ಗ್ರಾಮಸೇವಿಕೆ ಅಂತ ಭೀಮಕ್ಕನೇ ಮಾತಾಡಬೇಕು, ಆಮೇಲೆ ಊರವರು ಕೈಯೆತ್ತಿ ತೀರ್ಮಾನ ಮಾಡಬೇಕು, ಈ ಹುಣಸೆ ತೋಪು ಉಳಿಯಬೇಕೋ ಇಟ್ಟಿಗೆ ಗೂಡಿಗೆ ಸೌದೆಯಾಗಬೇಕೋ, ಮಾರೋಣ ಅಂತ ಹೊರಟವನು ಮಂಡಲ ಪ್ರಧಾನ ಬೆನಕಪ್ಪ, ಅಗೋ ಪಕ್ಕದಲ್ಲೇ ಕೂತು ಮೀಸೆ ತೀಡುತ್ತಿದ್ದಾನೆ, ಕೊಡಲಿಯವರಂತೂ ಆಗಲೇ ಬಂದು ಬೀಡಿ ಹಚ್ಚಿದ್ದಾರೆ, ಕಡಿಯಬೇಕಾದ ಮರದ ನೆರಳಲ್ಲೇ, ನಾಚಿಕೆ ಬೇಡವೇ, ಸಾಹೇಬರು ಹೇಳುವುದು ಸುಳ್ಳಲ್ಲ, ಖಂಡಿತ ಅಲ್ಲ, ಆದರೆ ಹೀಗೆ ಹೆದರಿಸಿದರೆ ಏನಾಗುತ್ತದೆ ಅನ್ನುವುದನ್ನು ಅವಳು ಕಣ್ಣಾರೆ ಕಂಡಿದ್ದಾಳೆ — ಉಬ್ರಾಣಿ ಕಡೆಯ ಅವಳ ಊರು, ಎಪ್ಪತ್ನಾಲ್ಕನೇ ಇಸವಿ, ಸಿನಿಮಾ ವ್ಯಾನು ಬಂತು ಅಂತ ಎಷ್ಟು ಸಂಭ್ರಮ, ಅವ್ವ ಉಡಚಮ್ಮ ತಲೆಗೆ ಎಣ್ಣೆ ಹಚ್ಚಿ ಬಾಚಿದ್ದಳು, ಪರದೆಯ ಮೇಲೆ ಬಿರುಕುಬಿಟ್ಟ ನೆಲ, ಬೋಳು ಗುಡ್ಡ, ಇನ್ನು ಕೆಲವೇ ವರ್ಷಕ್ಕೆ ನಿಮ್ಮೂರಲ್ಲಿ ಒಂದು ಮರವೂ ಇರಲ್ಲ ಅಂತ ಗಡುಸು ದನಿ, ಜನ ಉಸಿರು ಬಿಗಿಹಿಡಿದು ಕೇಳಿದರು, ಬೆಳಗ್ಗೆ ಎದ್ದು ನೋಡಿದರೆ ಎಲ್ಲರ ಹೆಗಲ ಮೇಲೂ ಕೊಡಲಿ, ಹೆಂಗಿದ್ರೂ ಹೋಗೋ ಮರ ಅಂತ ಸರ್ಕಾರದೋರೇ ಹೇಳ್ಯಾರೆ, ಬ್ಯಾರೆಯೋರು ಕಡಿಯಾಕೆ ಮುಂಚೆ ನಮ್ಮ ಪಾಲು ನಾವು ತಗಳಾಣ, ಅಂದವನು ಪಕ್ಕದ ಮನೆಯ ಉಚ್ಚಂಗೆಪ್ಪ, ಅದರಲ್ಲೇನು ತಪ್ಪು ಅಂತ ಊರಿಗೆ ಊರೇ ಹೌದೆಂದಿತ್ತು.

ಅವಳೂರಿನ ಆ ತೋಪಲ್ಲಿ ಅವ್ವನ ಮರವೊಂದಿತ್ತು, ಕಳೆ ಕೀಳಲು ಬಂದ ಹೆಂಗಸರೆಲ್ಲ ಹಳೇ ಸೀರೆಯ ಜೋಲಿ ಕಟ್ಟಿ ಕೂಸು ಮಲಗಿಸುತ್ತಿದ್ದರು, ಒಬ್ಬೊಬ್ಬರಿಗೆ ಒಂದೊಂದು ಕೊಂಬೆ, ಇನ್ನೊಬ್ಬರ ಕೊಂಬೆ ಯಾರೂ ಮುಟ್ಟುವಂತಿಲ್ಲ, ಭೀಮಿ ತಮ್ಮನ್ನ ತೂಗೇ ಅಂತ ಅವ್ವ ಸಾಲಿನ ಆ ತುದಿಯಿಂದ ಕೂಗುತ್ತಾಳೆ, ಇವಳು ಹುಣಸೆ ಚಿಗುರು ಮೇಯುತ್ತ ತೂಗುತ್ತಾಳೆ, ಸೀರೆಗೆ ಅವ್ವನ ಎಲೆಅಡಿಕೆ ವಾಸನೆ, ಹಗ್ಗ ಕಿರ್ ಕಿರ್ ಅನ್ನುತ್ತದೆ, ಉಜ್ಜಿ ಉಜ್ಜಿ ಕೊಂಬೆಯಲ್ಲೊಂದು ಕಚ್ಚು ಬಿದ್ದಿದೆ, ಬೆರಳಿಟ್ಟರೆ ಎಷ್ಟು ನುಣುಪು, ನೀನೂ ಇಲ್ಲೇ ಮಲಗ್ತಿದ್ದೆ ಕಣೇ ಅನ್ನುತ್ತಾಳೆ ಅವ್ವ, ಎಂಥಾ ಸುಖದ ದಿನಗಳವು, ಹೊಟ್ಟೆ ತುಂಬಿರಲಿಲ್ಲ, ಆದರೂ ಸುಖ — ಭೀಮಕ್ಕ, ಬರ್ರಿ ಮಾತಾಡ್ರಿ, ಅಂದರು ಸಾಹೇಬರು.

ಎದ್ದಳು, ಕತ್ತಲಗೆರೆಯ ತರಬೇತಿ ಶಿಬಿರದಲ್ಲಿ ಬರೆದುಕೊಂಡ ಭಾಷಣ ಕೈಯಲ್ಲೇ ಒದ್ದೆಯಾಗಿತ್ತು, ಮಡಚಿ ಸೆರಗಿಗೆ ಗಂಟು ಹಾಕಿದಳು, ಏನು ಹೇಳಲಿ, ಮತ್ತೆ ಹೆದರಿಸಲೇ, ತಲೆಯೆತ್ತಿದರೆ ಕೊಂಬೆ, ಕೊಂಬೆಯ ಮೇಲೆ ಅಂಥದ್ದೇ ಕಚ್ಚು, ಬಾಯಿಂದ ತಾನಾಗಿಯೇ ಬಂತು, ಈ ತೋಪಿನಾಗೆ ಜೋಲಿಯಾಗೆ ಮಲಗಿದೋರು ಯಾರ್ಯಾರು ಅದೀರ್ರಿ? ಹಿಂದೆ ಯಾರೋ ಕಿಸಕ್ಕಂದರು, ಕೆಟ್ಟೆ ಅಂದುಕೊಂಡಳು, ಅಷ್ಟರಲ್ಲಿ ಬೆನಕಪ್ಪನ ತಾಯಿ ಕೊಟ್ರಮ್ಮ ಮಂಡಿಗೆ ಕೈಕೊಟ್ಟು ಎದ್ದು ನಿಂತಳು, ಯಾರ್ಯಾರು ಅಂತ ಕೇಳ್ತಿಯಲ್ಲವ್ವ, ನಿನ್ ಪಕ್ಕದಾಗೆ ಮೀಸೆ ತಿರುವ್ತಾ ಕುಂತಾನಲ್ಲ, ಇವನ್ನ ಇದೇ ಕೊಂಬ್ಯಾಗೆ ತೂಗೀನಿ, ಹಾಳಾದೋನು ಮಲಗ್ತಾನೇ ಇರ್ಲಿಲ್ಲ — ಜನ ಹೋ ಅಂತ ನಕ್ಕರು, ನನ್ನದು ಆ ಮರ, ಅಲ್ಲ ಕಣೇ ಅದು ನಮ್ಮವ್ವಂದು, ಗುಂಪು ಚದುರಿ ತೋಪಿನ ತುಂಬ ತಲೆಯೆತ್ತಿ ಹುಡುಕಾಟ, ಕೊಡಲಿಯವನೊಬ್ಬನೂ ಬೀಡಿ ಬಿಸಾಕಿ ಎದ್ದ, ಬೆನಕಪ್ಪ ಕೊಂಬೆಯ ಕಚ್ಚನ್ನು ಬೆರಳಿಂದ ಸವರಿ ನೋಡಿದ, ಆಮೇಲೆ ಜನರ ಕಡೆ ತಿರುಗಿ, ತೋಪು ಇರ್ಲಿ ಅನ್ನೋರು ಕೈ ಎತ್ರಪ್ಪ ಅಂದ, ಮೊದಲ ಕೈ ಅವನದೇ, ಆಮೇಲೆ ಎಲ್ಲೆಲ್ಲೂ ಕೈ, ಭೀಮಕ್ಕನಿಗೆ ಅಳು ನುಗ್ಗಿ ಬಂತು, ಗೆದ್ದೆ ಅವ್ವಾ, ಗೆದ್ದೆ, ಕೊಟ್ರಮ್ಮ ಹತ್ತಿರ ಬಂದು ಅವಳ ಗಲ್ಲ ಹಿಡಿದು ಕೇಳಿದಳು, ನಿಂದು ಯಾವ ಮರನವ್ವ, ಎಲ್ಲೈತೆ? — ನಂದು, ನಂದು ಅಜ್ಜಿ, ಎಪ್ಪತ್ನಾಲ್ಕರಲ್ಲಿ ಕಡಿದ ಮರ ಹೇರಿಕೊಂಡು ಗಾಡಿ ಹೋಗುತ್ತಿದೆ, ಅವ್ವ ಹಿಂದೆಯೇ ನಡೆಯುತ್ತಿದ್ದಾಳೆ ಕೈಯಲ್ಲಿ ಮಡಚಿದ ಸೀರೆ ಹಿಡಿದು, ದಿಮ್ಮಿಗಳ ಮೇಲೆ ಕೊಂಬೆ, ಕೊಂಬೆಯ ಮೇಲೆ ಕಚ್ಚು, ಬಿಸಿಲಿಗೆ ಹೊಳೆಯುವ ನುಣುಪು ಕಚ್ಚು, ಆ ಕಚ್ಚು