ಉಪ್ಪುಬಂಗಡೆ ಹಾಕಿದ ನೂಡಲ್ಸ್

ಮಾವನ ಉಪ್ಪಿನಕಾಯಿ ಭರಣಿಯನ್ನು ಹೀರಾ ಅಟ್ಟಕ್ಕೇರಿಸಿ ಇಪ್ಪತ್ತು ದಿನಗಳಾಗಿದ್ದವು. ಮಾವ ಪಾಂಡುವಿನ ರಕ್ತದೊತ್ತಡ ಏರಿದೆ, ಉಪ್ಪು ಕಡಿಮೆ ಮಾಡಿ ಎಂದು ಕಾರವಾರದ ಡಾಕ್ಟರು ಹೇಳಿದ್ದರು. ಗಂಜಿಗೂ ಅವಳು ಉಪ್ಪು ಹಾಕುತ್ತಿರಲಿಲ್ಲ. ಆದರೂ ಈ ದಿನ ಆಶಾ ಕಾರ್ಯಕರ್ತೆ ಪೂರ್ಣಿಮಾ ಭಾವಿಕೇರಿ ಊರಿನ ಅವರ ಮನೆಗೆ ಬಂದು ಮಾವನ ತೋಳಿಗೆ ಪಟ್ಟಿ ಸುತ್ತಿ ನೋಡಿದರೆ, ಯಂತ್ರ ನೂರ ಎಪ್ಪತ್ತೆರಡು ತೋರಿಸಿತು.

"ಕದ್ದು ತಿಂತ್ರು ಅಕ್ಕ," ಎಂದಳು ಹೀರಾ. "ಅಟ್ಟ ಹತ್ತೂಕೆ ಮಾತ್ರ ಇವ್ರಿಗೆ ಮಂಡಿನೋವಿಲ್ಲ."

"ದೇವ್ರಾಣೆ ಮುಟ್ಲಿಲ್ಲ ಮಾರಾಯ್ತಿ," ಮುದುಕ ಗೊಣಗಿದ.

ಕದ್ದು ತಿನ್ನುತ್ತಾರೆಂಬ ಮಾತನ್ನು ಹೀರಾ ಕಳೆದ ವಾರ ಸಮುದ್ರ ದಂಡೆಯ ಶೆಡ್ಡಿನಲ್ಲಿ, ಬಲೆ ಹೊಲಿಯುವವರ ಎದುರೂ ಆಡಿದ್ದಳು. ಎಲ್ಲರೂ ನಕ್ಕಿದ್ದರು. ಅಂದಿನಿಂದ ಪಾಂಡು ಆ ಕಡೆ ಹೋಗಿರಲಿಲ್ಲ.

"ಮಧ್ಯಾಹ್ನ ಎಂತ ಕೊಡ್ತೆ?" ಪೂರ್ಣಿಮಾ ಕೇಳಿದಳು.

"ನೂಡಲ್ಸ್. ಹಲ್ಲಿಲ್ಲಲಾ, ಮೆತ್ತಗೆ ಬೇಕು. ಬರೀ ಮೈದಾದಲ್ಲಿ ಸತ್ವ ಇಲ್ಲ ಅಂತ ದಿನಾ ಒಂದು ಬಂಗಡೆ ಮೀನು ಹಿಸಿದು ಹಾಕ್ತೆ." ಹೀರಾಳ ದನಿಯಲ್ಲಿ ಹೆಮ್ಮೆಯಿತ್ತು.

"ಮಳೆಗಾಲ, ದೋಣಿ ಎಲ್ಲ ಬಂದ್. ಈಗೆಲ್ಲಿ ಬಂಗಡೆ?"

"ಒಣಗಿಸಿದ್ದು..."

ಹೇಳುತ್ತಲೇ ಅವಳಿಗೆ ಹೊಳೆಯಿತು. ಮೇ ತಿಂಗಳಲ್ಲಿ ಆ ಮೀನುಗಳ ಹೊಟ್ಟೆಗೆ ಹಿಡಿ ಹಿಡಿ ಉಪ್ಪು ತುಂಬಿದ್ದು ಅವಳದೇ ಕೈ. ಆದರೆ ಅಲ್ಲಿಯವರೆಗೆ ಅವಳ ಮಟ್ಟಿಗೆ ಅದು ಮೀನು, ಉಪ್ಪೆಂದರೆ ಡಬ್ಬಿಯಲ್ಲಿರುವುದು.

ಪೂರ್ಣಿಮಾ ನೂಡಲ್ಸಿನ ಖಾಲಿ ಪೊಟ್ಟಣ ತಿರುವಿ ಓದಿ ಲೆಕ್ಕ ಹಾಕಿದಳು. ಅದರಲ್ಲೇ ಸುಮಾರು ಎರಡು ಗ್ರಾಂ ಉಪ್ಪು. ಇಡೀ ದಿನಕ್ಕೆ ಐದು ದಾಟಬಾರದು. ಅದರ ಮೇಲೆ ಬಂಗಡೆ.

"ನೂಡಲ್ಸ್ ಪೂರ್ತಿ ಬಿಡೂದು ಬೇಡ. ಅಪರೂಪಕ್ಕೆ ಕೊಡು. ಮಸಾಲೆ ಅರ್ಧ, ತರಕಾರಿ ಹೆಚ್ಚು, ಒಂದು ಮೊಟ್ಟೆ. ಉಪ್ಪುಮೀನು ಮಾತ್ರ ಬೇಡ."

ಪೂರ್ಣಿಮಾ ಹೋದ ಮೇಲೂ ಹೀರಾ ಮಾವನ ಮುಖ ನೋಡಲಿಲ್ಲ.

"ಮಾವ, ತಪ್ಪು ನಂದು."

"ಹೋಗ್ಲಿ ಬಿಡು. ರುಚಿ ಭಾರೀ ಇತ್ತು."

ಆತ ಬೈದಿದ್ದರೆ ಚೆನ್ನಾಗಿತ್ತು ಎನಿಸಿತು ಅವಳಿಗೆ. "ಬನ್ನಿ, ದಂಡೆಗೆ ಹೋಗ್ವಾ. ಅಲ್ಲೂ ಹೇಳ್ತೆ."

ಶೆಡ್ಡಿನಲ್ಲಿ ಎಲ್ಲರೂ ಬಲೆ ಬಿಟ್ಟು ತಲೆಯೆತ್ತಿದರು. "ಏನ್ ಪಾಂಡಣ್ಣ, ಉಪ್ಪಿನಕಾಯಿ ಮುಗೀತಾ?" ಎಂದ ಅವರಲ್ಲೊಬ್ಬ, ರೂಪೇಶ.

ಹೀರಾ ಬಾಯಿ ತೆರೆಯುವಷ್ಟರಲ್ಲಿ ಪಾಂಡುವೇ ನಕ್ಕುಬಿಟ್ಟ. "ಹೌದ್ರೋ, ಕದ್ದು ತಿಂದಿದ್ದೆ. ಸೊಸೆ ಹೇಳಿದ್ದು ಖರೆ."

"ಇಲ್ಲ, ಮಾವ ಮುಟ್ಲಿಲ್ಲ," ಎಂದಳು ಹೀರಾ ಎಲ್ಲರಿಗೂ ಕೇಳುವಂತೆ. "ಉಪ್ಪುಮೀನು ಹಾಕ್ದೋಳು ನಾನೇ."